ಕುಲ್ಸುಮಬಿಯ ಮಂಗಳ ಗ್ರಹ

ಬ್ಯಾಡಗಿಯ ಕುಲ್ಸುಮಬಿಗೆ ಅಕ್ಷರ ಬಾರದು, ಆದರೆ ಕಾದಂಬರಿ ಅಂದರೆ ಪ್ರಾಣ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ಹಾಡಲು ಬಾರದವರು ಹಾಡು ಕೇಳುವುದಿಲ್ಲವೇ? ಒಲೆ ಹಚ್ಚಲು ಬಾರದ ಗಂಡಸರು ಮೂರು ಮೂರು ಸಲ ಬಡಿಸಿಕೊಂಡು ಉಣ್ಣುವುದಿಲ್ಲವೇ? ಅತ್ತೆ ಸೊಸೆಯರ ಜಗಳದ ಕಾದಂಬರಿ ಮಾತ್ರ ಆಕೆಗೆ ಬೇಡ. "ಅದನ್ನ ಕೇಳಾಕ ಪುಸ್ತಕ ಯಾಕ ಬೇಕು? ಓಣ್ಯಾಗ ನಿಂತ್ರ ಸಾಕು" ಅನ್ನುತ್ತಿದ್ದಳು. ಆಕೆಯ ಕಾದಂಬರಿಯಲ್ಲಿ ರಾಕೆಟ್ಟು ಹಾರಬೇಕು, ಕಂಡರಿಯದ ಗ್ರಹದ ಮೇಲೆ ಇಳಿಯಬೇಕು, ಜೀವಕ್ಕೆ ಕುತ್ತು ಬರಬೇಕು, ಆ ಕುತ್ತಿನ ನಟ್ಟನಡುವೆ ಒಂದು ಗಂಡು ಒಂದು ಹೆಣ್ಣು ಒಬ್ಬರಿಗೊಬ್ಬರು ಪ್ರಾಣ ಬಿಡಬೇಕು. ವಿಜ್ಞಾನ ಕಡಿಮೆಯಾದರೂ ಸಪ್ಪೆ, ಪ್ರೀತಿ ಕಡಿಮೆಯಾದರೂ ಸಪ್ಪೆ.

ಆಗ ಆಕೆಗೆ ನಲವತ್ತಾರು. ಗಂಡ ಮಹಮ್ಮದಗೌಸ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ತೀರಿಹೋಗಿ ಎಂಟು ವರ್ಷವಾಗಿತ್ತು. ಇದ್ದೊಬ್ಬ ಮಗಳು ಮದುವೆಯಾಗಿ ಸವಣೂರು ಸೇರಿದ್ದಳು. ಕುಲ್ಸುಮಬಿ ದಲಾಲಿ ಅಂಗಡಿಯೊಂದರ ಹಿಂದಿನ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಗುಡ್ಡದಷ್ಟು ಕೆಂಪು ರಾಶಿ, ಸುತ್ತ ಹದಿನೈದು ಇಪ್ಪತ್ತು ಹೆಂಗಸರು, ಮೂಗಿಗೆ ಸೆರಗು ಸುತ್ತಿಕೊಂಡು ಬೆಳಗಿನಿಂದ ಸಂಜೆವರೆಗೆ ಕೂತು ಮಾಡುವ ಕೆಲಸ. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇತ್ತು. ಆ ಖಾಲಿ ಕಿವಿಗಳನ್ನು ತುಂಬಿದವಳು ಶೇಖವ್ವ.

ಶೇಖವ್ವ ಅದೇ ಶೆಡ್ಡಿಗೆ ಬರುತ್ತಿದ್ದವಳು, ಕುಲ್ಸುಮಬಿಯ ಓಣಿಯ ಜಯವ್ವನ ಒಬ್ಬಳೇ ಮಗಳು, ಇಪ್ಪತ್ತೆರಡರ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು. ತಂದೆ ಇಲ್ಲ, ಅಣ್ಣತಮ್ಮಂದಿರಿಲ್ಲ. ಹಾವೇರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಮುಂದಿನ ಹಳೇ ಪುಸ್ತಕದವನ ಹತ್ತಿರ ಒಂದು ಕಾದಂಬರಿ ತರುವುದು ಆಕೆಯ ಚಟ. ಒಂದು ದಿನ ಊಟದ ಹೊತ್ತಿಗೆ ತನ್ನಷ್ಟಕ್ಕೆ ಓದುತ್ತ ಕೂತಿದ್ದಳು. ಕುಲ್ಸುಮಬಿ "ಒಬ್ಬಾಕಿನ ನಗಾಕತ್ತೀಯಲ್ಲ, ನಮಗೂ ಒಂದೀಟು ಹೇಳ" ಅಂದಳು. ಅಲ್ಲಿಂದ ಸುರುವಾಯಿತು. ಊಟದ ಹೊತ್ತು ಸಾಲದಾಯಿತು, ಕೆಲಸದ ಹೊತ್ತಿಗೂ ಓದು ನುಗ್ಗಿತು. ಓದುವವಳ ಕೈ ಪುಸ್ತಕದ ಮೇಲಿದ್ದರೆ ತೊಟ್ಟು ಬಿಡಿಸುವವರು ಯಾರು? ಅದಕ್ಕೂ ಹೆಂಗಸರೇ ದಾರಿ ಹುಡುಕಿದರು. ಕೇಳುವ ಪ್ರತಿಯೊಬ್ಬರೂ ತಾವು ಬಿಡಿಸಿದ್ದರಲ್ಲಿ ಎರಡು ಬೊಗಸೆ ಶೇಖವ್ವನ ಬುಟ್ಟಿಗೆ ಹಾಕಬೇಕು. ಕುಲ್ಸುಮಬಿ ಮೂರು ಹಾಕುತ್ತಿದ್ದಳು. ಸಂಜೆ ತೂಕಕ್ಕಿಟ್ಟರೆ ಒಂದು ಕಾಯಿಯನ್ನೂ ಮುಟ್ಟದ ಶೇಖವ್ವನ ಬುಟ್ಟಿಯೇ ಎಲ್ಲರಿಗಿಂತ ಭಾರ.

ಮೊದಲು ಓದಿದ್ದು ಚಂದ್ರನ ಮೇಲೆ ನಡೆಯುವ ಕಥೆ. ಅದು ಮುಗಿದು, ತೊಂಬತ್ತೊಂದರ ದೀಪಾವಳಿಗೆ ಮಂಗಳ ಗ್ರಹದ್ದು ಬಂತು. 'ಎರಡು ಚಂದ್ರರ ಊರು' ಅಂತ ಅದರ ಹೆಸರು. ಅನಿಕೇತ ಅನ್ನುವ ರಾಕೆಟ್ಟು ಹಾರಿಸುವವನು ಮಂಗಳದ ಮೇಲೆ ಬಿದ್ದುಬಿಡುತ್ತಾನೆ. ಅಲ್ಲಿ ನೆಲದೊಳಗೆ ಮನೆ ಮಾಡಿಕೊಂಡ ಜನ. ಅವರ ನೀರಿನ ಕಾವಲುಗಾರನ ಮಗಳು ಲೋಹಿತಾ. ಅಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಬಟ್ಟಲು ನೀರು, ಹೆಣ್ಣು ತನ್ನ ಪಾಲಿನ ನೀರನ್ನು ಯಾರಿಗೆ ಕುಡಿಸುತ್ತಾಳೋ ಅವನೇ ಗಂಡ. ಬಾಯಾರಿ ಸಾಯುತ್ತಿದ್ದ ಅನಿಕೇತನಿಗೆ ಆಕೆ ಬಟ್ಟಲು ಎತ್ತಿ ಕೊಟ್ಟ ದಿನ ಶೆಡ್ಡಿನಲ್ಲಿ ಯಾರ ಕೈಯೂ ಓಡಲಿಲ್ಲ, ದಲಾಲಿಯ ಗುಮಾಸ್ತ ಬಂದು ಒದರಿಹೋದ. ಹೆಂಗಸರು ಲೋಹಿತಾಳನ್ನು ಲೋಹಿತವ್ವ ಮಾಡಿಕೊಂಡರು. ಅಲ್ಲಿ ಹೊರಗೆ ಹೋಗುವವರು ಮೂಗು ಬಾಯಿ ಮುಚ್ಚಿಕೊಳ್ಳಬೇಕು ಅಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಲ್ಲ ಕೆಂಪು, ಗಾಳಿಯಲ್ಲೆಲ್ಲ ಧೂಳು, ಮತ್ತೇನು ಮಾಡುತ್ತಾರೆ ಪಾಪ!

ಕುಲ್ಸುಮಬಿಗೆ ಮಾತ್ರ ಒಂದು ಚಿಂತೆ ಹತ್ತಿತು. "ಅಲ್ಲ ಶೇಖಿ, ಆ ಊರಾಗ ಎರಡು ಚಂದ್ರ ಅಂತಿ. ಹಂಗಾದ್ರ ಯಾವ ಚಂದ್ರನ್ನ ನೋಡಿ ರಂಜಾನದ ರೋಜಾ ಹಿಡೀಬೇಕು, ಯಾವ ಚಂದ್ರನ್ನ ನೋಡಿ ಬಿಡಬೇಕು?"

"ಚಿಗವ್ವಾ, ಅದನ್ನ ಬರದಾಂವ ಬರದಿಲ್ಲರಿ" ಅಂದಳು ಶೇಖವ್ವ.

"ಮುಖ್ಯದ್ದನ್ನ ಬಿಟ್ಟು ಮತ್ತೇನ ಬರದಾನ ಆಂವ?" ಕುಲ್ಸುಮಬಿಗೆ ಖರೇ ಸಿಟ್ಟು ಬಂದಿತ್ತು.

ಹೀಗಿರುವಾಗ ಶೇಖವ್ವನಿಗೆ ಒಂದು ಸಂಬಂಧ ಕೂಡಿ ಬಂತು. ಹುಡುಗ ಹಲಗೇರಿಯ ಭರಮಣ್ಣ, ನೀರಾವರಿ ಹೊಲ, ಮನೆಯಲ್ಲಿ ತಾಯಿ ಮಗ ಇಬ್ಬರೇ. ನೋಡಲು ಬಂದಾಗ ಎಲ್ಲ ಹುಡುಗರ ಹಾಗೆ ನೆಲ ನೋಡುತ್ತ ಕೂರದೆ, ಗೂಡಿನಲ್ಲಿದ್ದ ಪುಸ್ತಕ ನೋಡಿ "ಇದು ನೀವು ಓದತೀರೇನ್ರಿ?" ಅಂತ ಕೇಳಿದ್ದ. ಅಷ್ಟೇ ಮಾತು. ಅಷ್ಟಕ್ಕೇ ಶೇಖವ್ವ ಮೂರು ದಿನ ಸಾಲು ತಪ್ಪಿಸಿ ಓದಿದಳು, ಅನಿಕೇತ ಅನ್ನುವಲ್ಲಿ ಒಮ್ಮೆ ಭರಮಣ್ಣ ಅಂದುಬಿಟ್ಟಳು. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಕುಲ್ಸುಮಬಿಯೂ ನಕ್ಕಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆಕೆಗೆ ಒಂದು ಮಾತು ಹೊಳೆಯಿತು. ಹುಡುಗಿ ಹಲಗೇರಿಗೆ ಹೋದರೆ ಓದುವವರು ಯಾರು? ಮಂಗಳ ಮುಗಿದ ಮೇಲೆ ಅದೇ ಬರಹಗಾರನ ಶನಿ ಗ್ರಹದ ಪುಸ್ತಕವಿದೆ ಅಂತ ಹುಡುಗಿ ಆಸೆ ಬೇರೆ ಹಚ್ಚಿದ್ದಳು. ಹೊಟ್ಟೆಕಿಚ್ಚು ಅನ್ನಿ, ಸ್ವಾರ್ಥ ಅನ್ನಿ. ಕುಲ್ಸುಮಬಿ ಅದಕ್ಕೆ ಹೆಸರಿಡಲಿಲ್ಲ, ರೊಟ್ಟಿ ಬಡಿದಳು, ಉಂಡು ಮಲಗಿದಳು.

ನಮ್ಮ ಕಡೆ ಹೆಣ್ಣು ಒಪ್ಪಿದರೂ ಮಾತು ಪಕ್ಕಾ ಆಗುವ ಮುಂಚೆ ಗಂಡಿನವರು ಸದ್ದಿಲ್ಲದೆ ಬಂದು ನೆರೆಹೊರೆಯಲ್ಲಿ ವಿಚಾರ ಮಾಡುವ ರೂಢಿ ಇದೆ. ಫೆಬ್ರುವರಿಯ ಒಂದು ಮುಂಜಾನೆ ಭರಮಣ್ಣನ ತಾಯಿ ಸುಶೀಲವ್ವ ಮೆಣಸಿನಕಾಯಿ ಕೊಳ್ಳುವ ನೆಪದಲ್ಲಿ ಶೆಡ್ಡಿಗೆ ಬಂದಳು. ಅವತ್ತು ಶೇಖವ್ವ ಕೆಲಸಕ್ಕೆ ಬಂದಿರಲಿಲ್ಲ. ಸುಶೀಲವ್ವ ಕಾಯಿ ಮುರಿದು ಮೂಸಿದಂತೆ ಮಾಡಿ, ಬಾಗಿಲ ಹತ್ತಿರ ಕೂತಿದ್ದ ಕುಲ್ಸುಮಬಿಯ ಮಗ್ಗುಲಿಗೆ ಕುಕ್ಕರಿಸಿದಳು.

"ಬೂಬಮ್ಮಾ, ಜಯವ್ವನ ಮಗಳು ಇಲ್ಲೇ ಕೆಲಸಕ್ಕ ಬರ್ತಾಳಂತಲ್ಲ. ಹುಡುಗಿ ಹ್ಯಾಂಗ?"

ಯಾರು, ಯಾಕೆ ಕೇಳುತ್ತಾಳೆ ಅಂತ ಕುಲ್ಸುಮಬಿಗೆ ಕೂಡಲೇ ತಿಳಿಯಿತು. "ಬಂಗಾರದಂಥಾ ಹುಡುಗಿ ನೋಡ್ರಿ. ಕೆಲಸದಾಗ ಚುರುಕು, ಮಾತು ಸಕ್ಕರಿ. ಒಂದ ಒಂದು, ಮಂಗಳ ಐತಲ್ಲರಿ, ಅದು ಆಕೀನ್ನ ಬಿಡವಲ್ದು."

ಸುಶೀಲವ್ವನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. "ಮಂಗಳ ಐತಿ? ಎಂದಿನಿಂದ?"

"ಹೋದ ದೀಪಾವಳಿಯಿಂದ ರೀ. ಅದಕ್ಕೂ ಮೊದಲ ಚಂದ್ರ ಇತ್ತು, ಅದು ಸುಸೂತ್ರ ಮುಗೀತು. ಇದೂ ಇನ್ನೇನು ಮುಗೀತೈತಿ. ಇದಾದ ಮ್ಯಾಲೆ ಶನಿ ಐತಂತ."

"ಶನಿ!" ಅಂದಳು ಸುಶೀಲವ್ವ.

"ಹೂಂನ್ರಿ. ಅದು ಇದಕ್ಕಿಂತಾ ದೊಡ್ಡದಂತ."

ಸುಶೀಲವ್ವ ಎದ್ದು ಹೋದ ರಭಸಕ್ಕೆ ರಾಶಿಯ ಅಂಚಿನ ಕಾಯಿ ಉರುಳಿದವು. ಗಂಡನನ್ನು ಕಳೆದುಕೊಂಡ ಹೆಂಗಸು, ಒಬ್ಬನೇ ಮಗ. ಮಂಗಳ ಇದ್ದ ಸೊಸೆ ಬಂದರೆ ಒಂದೋ ಮಗನಿಗೆ ಕುತ್ತು, ಇಲ್ಲಾ ತನಗೆ, ಅದರ ಬೆನ್ನಿಗೆ ಶನಿ ಬೇರೆ ಸರದಿಯಲ್ಲಿ ನಿಂತಿದೆ. ಆಕೆಯ ಜಾಗದಲ್ಲಿ ಯಾರಿದ್ದರೂ ಓಡುತ್ತಿದ್ದರು. ಕುಲ್ಸುಮಬಿಗೆ ಜಾತಕದ ಮಂಗಳ ಗೊತ್ತಿರಲಿಲ್ಲವೇ? ಅಷ್ಟು ವರ್ಷ ಹಿಂದೂಗಳ ಓಣಿಯಲ್ಲಿ ಬಾಳಿದವಳಿಗೆ ಎಲ್ಲೋ ಕಿವಿಗೆ ಬಿದ್ದಿರಲೇಬೇಕು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೇ. ಆಕೆಯ ಮಟ್ಟಿಗೆ ಮಂಗಳ ಅಂದರೆ ಕೆಂಪು ನೆಲ, ಎರಡು ಚಂದ್ರ, ಒಂದು ಬಟ್ಟಲು ನೀರು.

ನಾಲ್ಕನೇ ದಿನ ಹಲಗೇರಿಯಿಂದ ಹೇಳಿಕಳಿಸಿದರು, ಹೆಣ್ಣು ಬೇಡವೆಂದು. ಕಾರಣವೂ ಬಂತು. ಜಯವ್ವ ಎದೆ ಎದೆ ಬಡಿದುಕೊಂಡಳು. "ಬಿತ್ತೂ ದಿನಾ ಹೊಲದ ಬದುವಿನ ಮ್ಯಾಲೆ ಹಡದೇನಿ ನಾನು! ಹುಟ್ಟಿದ ಹೊತ್ತು ನನಗ ಗೊತ್ತಿಲ್ಲ, ಮಂಗಳ ಐತಂತ ಇವರಿಗೆ ಯಾರು ಹೇಳಿದ್ರು?" ಯಾರು ಹೇಳಿದರು ಅನ್ನುವುದು ಶೆಡ್ಡಿಗೆಲ್ಲ ಗೊತ್ತಿತ್ತು. ಅವತ್ತು ಎದುರಿಗೇ ಕೂತಿದ್ದ ಗುಲಾಬಬಿ ಸೊಲ್ಲು ಬಿಡದೆ ಎಲ್ಲ ಕೇಳಿಸಿಕೊಂಡಿದ್ದಳು.

"ಬಾಯಿ ತಪ್ಪಿ ಅಂದಾಳಂತ ತಿಳದೀರೇನು? ಓದಾಕಿ ಕೈ ಬಿಟ್ಟು ಹೋಗ್ತಾಳಂತ ಬೇಕಂತನ ಮುರದಾಳ" ಅಂದಳು ಗುಲಾಬಬಿ, ಕುಲ್ಸುಮಬಿಗೆ ಕೇಳುವ ಹಾಗೆಯೇ.

ಕುಲ್ಸುಮಬಿ ಹಾವು ತುಳಿದವಳಂತೆ ಕೂತಲ್ಲೇ ಬೆಚ್ಚಿದಳು. ಶೇಖವ್ವ ಆಕೆಯ ಮುಖ ನೋಡಿದಳು. ಪುಸ್ತಕ ತಂದು ಆಕೆಯ ತೊಡೆಯ ಮೇಲಿಟ್ಟು, ರಾಶಿಯ ಆಚೆ ಬದಿಗೆ ಹೋಗಿ ಕೂತು ತೊಟ್ಟು ಬಿಡಿಸತೊಡಗಿದಳು. ಕೊನೆಯ ಅಧ್ಯಾಯವೊಂದು ಉಳಿದಿತ್ತು. ರಾಕೆಟ್ಟು ದುರಸ್ತಿಯಾಗಿದೆ, ಆದರೆ ಒಳಗೆ ಒಬ್ಬರಿಗೆ ಸಾಲುವಷ್ಟೇ ಗಾಳಿ. ಅನಿಕೇತ ಏಣಿಯ ಮೇಲೆ ಕಾಲಿಟ್ಟಿದ್ದಾನೆ, ಲೋಹಿತಾ ಕೆಳಗೆ ನಿಂತಿದ್ದಾಳೆ. ಹೋಗುತ್ತಾನೋ ಇರುತ್ತಾನೋ?

ಹದಿನೈದು ದಿನ ಶೆಡ್ಡಿನಲ್ಲಿ ಕೆಮ್ಮು ಸೀನು ಬಿಟ್ಟರೆ ಬೇರೆ ಸದ್ದಿಲ್ಲ. ಕುಲ್ಸುಮಬಿಗೆ ಅನ್ನ ಸೇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತಿನ ಬೆನ್ನು ಹತ್ತಿ ಹಿಡಿದು ತರುವುದೊಂದೇ ಆಕೆಗೆ ಉಳಿದಿದ್ದ ದಾರಿ. ಒಂದು ಸೋಮವಾರ ಪುಸ್ತಕವನ್ನು ಹಸಿರು ಅರಿವೆಯಲ್ಲಿ ಸುತ್ತಿಕೊಂಡು ರಾಣೇಬೆನ್ನೂರಿನ ಬಸ್ ಹತ್ತಿದಳು, ಅಲ್ಲಿ ಇಳಿದು ಹಲಗೇರಿಯದು ಹಿಡಿದಳು.

ಸುಶೀಲವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಕುಲ್ಸುಮಬಿಯನ್ನು ನೋಡಿ "ಮತ್ಯಾವ ಗ್ರಹ ತಂದೀಯವ್ವಾ?" ಅಂದಳು.

"ಅದನ್ನ ತಂದೇನ್ರಿ" ಅಂತ ಕುಲ್ಸುಮಬಿ ಅರಿವೆ ಬಿಚ್ಚಿದಳು. ಹೊದಿಕೆಯ ಮೇಲೆ ಕೆಂಪು ನೆಲ, ಎರಡು ಚಂದ್ರ, ತಲೆಗೆ ಗಾಜಿನ ಬುರುಡೆ ಹಾಕಿಕೊಂಡ ಗಂಡಸು, ಬಟ್ಟಲು ಹಿಡಿದ ಹುಡುಗಿ. "ಇದು ನೋಡ್ರಿ ಮಂಗಳ. ಜಾತಕದಾಗಿಂದಲ್ಲ, ಪುಸ್ತಕದಾಗಿಂದು. ಹುಡುಗಿ ಇದನ್ನ ಓದತಾಳ, ನಾವು ಕೇಳತೇವಿ. ಆಕಿಗೆ ಪುಸ್ತಕದ ಹುಚ್ಚು ಹಿಡದೈತಿ ಅನ್ನಾಕ ಹೋಗಿ ನಾ ಏನೋ ಅಂದೆ. ಶನೀನೂ ಪುಸ್ತಕಾನ ರೀ."

ಸುಶೀಲವ್ವ ಸುಲಭದ ಗಿರಾಕಿಯಲ್ಲ. "ಅಂದಾಕಿನೂ ನೀನ, ಅಲ್ಲ ಅನ್ನಾಕಿನೂ ನೀನ. ಯಾವುದನ್ನ ನಂಬಲಿ?" ಅಂದಳು. ಆದರೆ ಕಣ್ಣು ಚಿತ್ರದ ಮೇಲೇ ಇತ್ತು. "ಇಕೀ ಯಾರು? ಆ ಬಟ್ಟಲದಾಗ ಏನೈತಿ?"

ಕುಲ್ಸುಮಬಿ ಕಟ್ಟೆಯ ಮೇಲೆ ಕೂತು ಹೇಳತೊಡಗಿದಳು. ಪುಸ್ತಕ ತೆರೆಯಲೇ ಇಲ್ಲ, ತೆರೆದು ಮಾಡುವುದೇನಿತ್ತು? ಸಾಲು ಸಾಲು ಬಾಯಲ್ಲೇ ಇತ್ತು. ರಾಕೆಟ್ಟು ಬಿದ್ದಿತು, ಧೂಳು ಎದ್ದಿತು, ನೀರಿನ ಕಾವಲುಗಾರ ಕತ್ತಿ ಹಿರಿದ, ಲೋಹಿತವ್ವ ಅಡ್ಡ ಬಂದಳು. ಕಲಸಿದ ಹಿಂಡಿ ಬುಟ್ಟಿಯಲ್ಲೇ ಉಳಿಯಿತು, ಎಮ್ಮೆ ಎರಡು ಸಲ ಒದರಿ ಸುಮ್ಮನಾಯಿತು. ಬಟ್ಟಲು ನೀರಿನ ಜಾಗಕ್ಕೆ ಬಂದಾಗ ಸುಶೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು "ಎಂಥಾ ಎದಿ ಅವ್ವಾ ಆಕಿದು" ಅಂದಳು. ಕಥೆ ಏಣಿಯ ಬುಡಕ್ಕೆ ಬಂದು ನಿಂತಿತು.

"ಮುಂದ?"

"ಮುಂದಿಂದು ನನಗ ಗೊತ್ತಿಲ್ಲರಿ. ನನಗ ಓದಾಕ ಬರೂದಿಲ್ಲ. ಓದಾಕಿ ಮಾತ ಬಿಟ್ಟಾಳ."

ಸುಶೀಲವ್ವ ಆಕೆಯನ್ನೇ ನೋಡಿದಳು. "ಆಕಿ ನನ್ನ ಸೊಸಿಯಾಗಿ ಇಲ್ಲಿಗೆ ಬಂದ್ರ ನಿನಗ ಓದಿ ಹೇಳಾವ್ರು ಯಾರು?"

ಕುಲ್ಸುಮಬಿ ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. "ಯಾರೂ ಇಲ್ಲರಿ" ಅಂದಳು. ಅಂದದ್ದೇ ದುಃಖ ಉಕ್ಕಿ ಬಂತು, ಪರರ ಮನೆಯ ಕಟ್ಟೆಯ ಮೇಲೆ ಮಗುವಿನ ಹಾಗೆ ಅತ್ತಳು.

ಸುಶೀಲವ್ವ ನೀರು ಕೊಟ್ಟಳು, ಚಹಾ ಮಾಡಿದಳು. ತನಗೇ ಹಾನಿಯಾಗುವ ಮಾತು ಹೇಳಲು ಎರಡು ಬಸ್ ಬದಲಿಸಿ ಬಂದವಳು ಸುಳ್ಳು ಹೇಳುತ್ತಾಳೆಯೇ ಅಂತ ಅವತ್ತೇ ಸಂಜೆ ಮಗನಿಗೆ ಹೇಳಿದಳಂತೆ. ಮಗ ಅದಕ್ಕೂ ಮೊದಲೇ ಎರಡು ವಾರದಿಂದ ಮುಖ ಗಂಟಿಕ್ಕಿಕೊಂಡು ತಿರುಗುತ್ತಿದ್ದ. ಮಾತು ಮತ್ತೆ ಕೂಡಿತು, ಮೇ ತಿಂಗಳಿಗೆ ಮದುವೆ ಗೊತ್ತಾಯಿತು.

ಶೇಖವ್ವ ಆಮೇಲೂ ಓದಲಿಲ್ಲ. ಕುಲ್ಸುಮಬಿ ಹಲಗೇರಿಗೆ ಹೋದದ್ದು ಆಕೆಗೆ ತಿಳಿದಿತ್ತು, ಎದುರಾದರೆ ನಗುತ್ತಿದ್ದಳು, ಆದರೆ ಹಳೆಯ ಸಲುಗೆ ಇರಲಿಲ್ಲ. ಅರಿಷಿಣ ಹಚ್ಚುವ ದಿನ ಮಧ್ಯಾಹ್ನ, ಹೆಂಗಸರೆಲ್ಲ ಹಂದರದಲ್ಲಿ ಊಟಕ್ಕೆ ಕೂತಾಗ, ಕುಲ್ಸುಮಬಿಯನ್ನು ಒಳಕೋಣೆಗೆ ಕರೆದಳು. ಕೈ, ಕೆನ್ನೆ ಎಲ್ಲ ಹಳದಿ.

"ಚಿಗವ್ವಾ, ಒಂದು ಮಾತು ಕೇಳತೇನಿ, ಖರೇ ಹೇಳ್ರಿ. ಅವತ್ತು ಬಾಯಿ ತಪ್ಪಿ ಅಂದ್ರೋ, ಬೇಕಂತ ಅಂದ್ರೋ?"

ಸುಳ್ಳು ಹೇಳಲು ಎಷ್ಟು ಹೊತ್ತು? ಬಾಯಿ ತಪ್ಪಿ ಅಂದೆ ಅಂದಿದ್ದರೆ ಮುಗಿಯುತ್ತಿತ್ತು. ಕುಲ್ಸುಮಬಿ ಗೋಡೆಗೆ ಒರಗಿ ಕೂತಳು.

"ನನಗೂ ಗೊತ್ತಿಲ್ಲ ಮಗಳ. ಕೆಡಸಬೇಕಂತ ಅನ್ನಲಿಲ್ಲ, ಅಲ್ಲಾನ ಆಣಿ. ಆದ್ರ ನೀ ಹೋಗೂದು ನನಗ ಬ್ಯಾಡಾಗಿತ್ತು. ಮನಸಿನ್ಯಾಗ ಅದಿತ್ತು, ಬಾಯಾಗ ಅದು ಬಂತು. ನಡುವ ಏನಾತು ನಾ ಕಂಡಿಲ್ಲ."

ಶೇಖವ್ವ ಎದ್ದು ಬಾಗಿಲು ಮುಂದೆ ಮಾಡಿದಳು. ಆಮೇಲೆ "ಪುಸ್ತಕ ಎಲ್ಲೈತಿ?" ಅಂದಳು. ಕುಲ್ಸುಮಬಿಯ ಚೀಲದಲ್ಲೇ ಇತ್ತು. "ಕೊಡ್ರಿ ಇಲ್ಲೆ. ಹತ್ತು ಹಾಳಿ ಉಳದಾವು, ಉಂಡು ಏಳೂದ್ರಾಗ ಮುಗಸ್ತೇನಿ."

ಶೇಖವ್ವ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಹುಡುಕಿದಳು. ಮೊದಲ ಸಾಲಿಗೆ ಬಾಯಿ ತೆರೆದಳೋ ಇಲ್ಲವೋ, ಕುಲ್ಸುಮಬಿ ಪುಸ್ತಕದ ಮೇಲೆ ಅಂಗೈ ಇಟ್ಟಳು.

"ಬ್ಯಾಡ, ಓದಬ್ಯಾಡ. ಇವತ್ತ ಮುಗಿಸಿದ್ರ ನನ್ನ ಮನಿಗೆ ಬರಾಕ ನಿನಗ ಏನ ಉಳೀತು? ಪಂಚಮಿಗೆ ತವರಿಗೆ ಬರ್ತಿಯಲ್ಲ, ಆವಾಗ ಓದು. ಅಲ್ಲೀತನಕ ಆಂವ ಏಣಿ ಮ್ಯಾಲೆ ನಿಂತಿರಲಿ, ಏನ ಸಾಯೂದಿಲ್ಲ."

ಶೇಖವ್ವ ನಕ್ಕಳು, ನಗುತ್ತಲೇ ಅತ್ತಳು. ಪುಸ್ತಕ ಕುಲ್ಸುಮಬಿಯ ಚೀಲಕ್ಕೆ ವಾಪಸು ಹೋಯಿತು.

ಮದುವೆಯಾಯಿತು, ಮಳೆಗಾಲ ಬಂತು. ಕಾರಹುಣ್ಣಿಮೆಗೆ ಶೇಖವ್ವ ಬರಲಿಲ್ಲ, ಬಿತ್ತನೆ ಇದೆ ಅಂದರು. ಆಷಾಢಕ್ಕೂ ಬರಲಿಲ್ಲ, ಕಳೆ ಇದೆ ಅಂದರು. ಹೊಲದಲ್ಲಿ ಕೆಲಸ ಯಾವತ್ತು ಇರುವುದಿಲ್ಲ? ಮೊದಲ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಜಯವ್ವನಿಗೆ ಗಂಡುಮಕ್ಕಳಿಲ್ಲ. ಕರೆಯಲು ಯಾರೂ ಬಾರದಿದ್ದರೆ ಹ್ಯಾಗೆ ಕಳಿಸುವುದು ಅಂತ ಸುಶೀಲವ್ವ ರಾಗ ಎಳೆಯುತ್ತಿದ್ದಾಳೆ ಅನ್ನುವ ಸುದ್ದಿ ಬಂದಾಗ ಜಯವ್ವ ಬಂದು ಕುಲ್ಸುಮಬಿಯ ಮುಂದೆ ಮೂಗು ಸೇದಿದಳು. ಕೆಟ್ಟ ಹೆಂಗಸೇನಲ್ಲ ಸುಶೀಲವ್ವ. ಮನೆಗೆ ಬಂದ ಸೊಸೆ ಸಂಜೆಯಾದರೆ ಹಳೆಯ ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಹೇಳುತ್ತಿದ್ದಳು. ಆ ರುಚಿ ಹತ್ತಿದ ಮೇಲೆ ಕಳಿಸಲು ಮನಸ್ಸು ಬರುತ್ತದೆಯೇ? ಕುಲ್ಸುಮಬಿಗೆ ಅದು ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಪಂಚಮಿಗೆ ಹನ್ನೊಂದು ದಿನ ಇರುವಾಗ ಭರಮಣ್ಣ ಏನೋ ಕೆಲಸಕ್ಕೆ ಬ್ಯಾಡಗಿಗೆ ಬಂದವನು ಶೆಡ್ಡಿನ ಬಾಗಿಲಲ್ಲಿ ನಿಂತು ಕೆಮ್ಮಿದ. ಹೆಂಗಸರೆಲ್ಲ ತಿರುಗಿ ನೋಡಿದ್ದಕ್ಕೆ ಇನ್ನೂ ಮುದುಡಿದ.

"ಚಿಗವ್ವಾರ, ಅವ್ವ ಹೇಳ್ಯಾಳ್ರಿ. ಆ ಮಂಗಳದ ಪುಸ್ತಕ ಕೊಟ್ಟು ಕಳಿಸಬೇಕಂತ. ಕೊನಿ ಭಾಗ ಕೇಳದ ಆಕಿಗೆ ನಿದ್ದಿ ಹತ್ತವಲ್ದಂತ. ಸೊಸಿ ಕಡೆ ಓದಿಸಿ, ವಾಪಸ್ ಕಳಿಸ್ತಾಳಂತ."

ಪುಸ್ತಕ ಕುಲ್ಸುಮಬಿಯ ಚೀಲದಲ್ಲೇ ಇತ್ತು, ಚೀಲ ತೊಡೆಯ ಕೆಳಗೇ ಇತ್ತು. ಆಕೆ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು, ಇನ್ನೊಂದು ತೆಗೆದುಕೊಂಡಳು. ಗುಲಾಬಬಿ ಸಹಿತ ಎಲ್ಲರ ಕೈ ನಿಂತಿತ್ತು. ಏನು ಹೇಳುತ್ತಿದ್ದೇನೆ ಅನ್ನುವುದು ಈ ಸಲ ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಪುಸ್ತಕ ಬರೂದಿಲ್ಲಂತ ಹೇಳಪಾ ನಿಮ್ಮವ್ವಗ" ಅಂದಳು. "ಹುಡುಗೀನ ಕಳಸಂತ ಹೇಳು. ಕೊನಿ ಭಾಗ ಕೇಳಬೇಕಂದ್ರ ನಿಮ್ಮವ್ವನೂ ಕೂಡ ಬರಲಿ."